ಅಲಂಕಾರಕ್ಕೆ ಹಚ್ಚಿದ ಹಸಿರು

ಕಣ್ಣಾಸ್ಪತ್ರೆಯ ನೆಲಮಹಡಿಯಲ್ಲಿ, ಔಷಧಿ ಕೌಂಟರಿನ ಹಿಂದಿನ ಕೋಣೆಯಲ್ಲಿ ಕೂರುವ ಪಟ್ಟಿ ಗುಮಾಸ್ತನಿಗೆ ಹೆತ್ತವರು ಇಟ್ಟ ಹೆಸರೊಂದು ಇತ್ತು. ಅದು ಸಂಬಳದ ಚೀಟಿಯಲ್ಲಿ ಮಾತ್ರ ಉಸಿರಾಡುತ್ತಿತ್ತು. ನರ್ಸುಗಳಿಂದ ಹಿಡಿದು ನೆಲ ಒರೆಸುವವರ ತನಕ ಎಲ್ಲರ ಬಾಯಲ್ಲೂ ಅವನು ಸಂಶಯಣ್ಣ. ಲಿಫ್ಟಿಗೆ ಕಾಲಿಡುವ ಮೊದಲು ಅದರ ನೆಲವನ್ನು ಒಮ್ಮೆ ತುಳಿದು ನೋಡುತ್ತಿದ್ದ. ಯಾರಾದರೂ ಚಹಾ ಕೊಡಿಸಿದರೆ ಕುಡಿಯುತ್ತಿದ್ದ, ಆಮೇಲೆ ಯಾಕೆ ಕೊಡಿಸಿದನೆಂದು ಸಂಜೆಯವರೆಗೆ ತಲೆ ಕೆರೆದುಕೊಳ್ಳುತ್ತಿದ್ದ. ಅವನ ಮೇಜಿನ ಡ್ರಾಯರಿಗೆ ಎರಡು ಬೀಗ. ಒಂದು ಆಸ್ಪತ್ರೆಯ ಎದುರು ಫುಟ್‌ಪಾತಿನಲ್ಲಿ ಕೂರುವ ಬೀಗದಜ್ಜ ಹಾಕಿಕೊಟ್ಟದ್ದು. ಇನ್ನೊಂದನ್ನು ಬೇರೆ ಬೀದಿಯಿಂದ ತಂದು ಹಾಕಿಸಿದ್ದ. ಎರಡರ ಮರ್ಮವೂ ಒಬ್ಬನ ಕೈಗೇ ಸಿಗಬಾರದಲ್ಲ. ಇಷ್ಟು ಕಾವಲಿನ ಒಳಗೆ ಇದ್ದದ್ದು ಒಂದು ಬಾಚಣಿಗೆ, ಕೆಟ್ಟುಹೋದ ಕೀಬೋರ್ಡು, ತಲೆನೋವಿನ ಮಾತ್ರೆ.

ಅವನ ಕೆಲಸ ಇಷ್ಟು. ಆಸ್ಪತ್ರೆಯವರು ಸುತ್ತಲಿನ ಬಡಾವಣೆಗಳಲ್ಲಿ ಕಣ್ಣಿನ ಶಿಬಿರ ನಡೆಸುತ್ತಿದ್ದರು. ಪೊರೆ ಬಂದವರ ಹೆಸರು, ವಯಸ್ಸು, ಫೋನ್ ನಂಬರುಗಳನ್ನು ಅಲ್ಲಿಯ ಸ್ವಯಂಸೇವಕರು ಕಂಪ್ಯೂಟರ್ ಶೀಟಿನಲ್ಲಿ ತುಂಬಿ ಕಳುಹಿಸುತ್ತಿದ್ದರು. ತುಂಬುತ್ತಿದ್ದರು ಎನ್ನುವುದಕ್ಕಿಂತ ಸುರಿಯುತ್ತಿದ್ದರು ಎನ್ನುವುದೇ ಸರಿ. ಹೆಸರಿನ ಹಿಂದೆ ಮುಂದೆ ಖಾಲಿ ಜಾಗ. ತಾರೀಖಿನಲ್ಲಿ ದಿನ ಇರಬೇಕಾದಲ್ಲಿ ತಿಂಗಳು, ತಿಂಗಳಿರಬೇಕಾದಲ್ಲಿ ದಿನ. ಫೋನ್ ನಂಬರಿನ ಮೊದಲ ಸೊನ್ನೆ ಮಾಯ. ವಯಸ್ಸಿನ ಕಾಲಂನಲ್ಲಿ ಒಬ್ಬ 'ಎಪ್ಪತ್ತು ಚಿಲ್ಲರೆ' ಎಂದು ಬರೆದರೆ, ಇನ್ನೊಬ್ಬಳು 'ನಮ್ಮಮ್ಮನಿಗಿಂತ ದೊಡ್ಡವರು' ಎಂದು ಬರೆದಿದ್ದಳು. ಇದನ್ನೆಲ್ಲ ಕಲ್ಲು ಆರಿಸಿದ ಹಾಗೆ ಆರಿಸಿ, ತೊಳೆದು, ಡೇಟಾಬೇಸಿಗೆ ಸೇರಿಸುವವನು ಸಂಶಯಣ್ಣ. ಡೇಟಾಬೇಸು ಯಾರು ಮೊದಲು ಒಳಗೆ ಬಂದರೋ ಅವರಿಗೆ ಮೊದಲ ಸರದಿ ಕೊಡುತ್ತಿತ್ತು.

ಇಲ್ಲಿ ಒಂದು ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಮೇಲಿನವರು ಕಳುಹಿಸಿದ ಆ ಶೀಟಿನ ನಮೂನೆಯಲ್ಲಿ ಶಿಬಿರದ ಪ್ರಾಯೋಜಕರ ಹೆಸರಿಗೆ ಒಂದು ಕಾಲಂ ಇತ್ತು. ಉದ್ಘಾಟಿಸಿದವರ ಹೆಸರಿಗೆ ಒಂದು, ಅವರ ಪದವಿಗೆ ಇನ್ನೊಂದು. ರೋಗಿಯ ಎರಡನೇ ಕಣ್ಣು ಇದೆಯೋ ಹೋಗಿದೆಯೋ ಎಂಬುದಕ್ಕೆ ಮಾತ್ರ ಇರಲಿಲ್ಲ. ಒಂದು ಕಣ್ಣು ಆಗಲೇ ಹೋಗಿ, ಉಳಿದೊಂದಕ್ಕೂ ಪೊರೆ ಬಂದವನಿಗೂ, ಎರಡೂ ಕಣ್ಣಲ್ಲಿ ಅಷ್ಟಿಷ್ಟು ಮಂಜು ಕಟ್ಟಿದವನಿಗೂ ಒಂದೇ ಸಾಲು. ರಿಬ್ಬನ್ ಕತ್ತರಿಸಿದವರಿಗೆ ಎರಡು ಮನೆ, ಕುರುಡಾಗಲಿರುವವನಿಗೆ ಒಂದೂ ಇಲ್ಲ. ಕಾಲಂ ಸೇರಿಸಿ ಎಂದು ಸಂಶಯಣ್ಣ ಹಿಂದೊಮ್ಮೆ ಆಡಳಿತಾಧಿಕಾರಿಯನ್ನು ಕೇಳಿದ್ದ. ಮುಂದಿನ ವರ್ಷದ ನಮೂನೆಯಲ್ಲಿ ನೋಡೋಣ ಎಂದಿದ್ದರು ಅವರು. ಅಂಥವರ ಮುಂದಿನ ವರ್ಷ ಎಂದಿಗೂ ಮುಂದೆಯೇ ಇರುತ್ತದೆ. ತಾನೇ ಒಂದು ಕಾಲಂ ಸೇರಿಸಿದರೆ ಡೇಟಾಬೇಸು ಇಡೀ ಫೈಲನ್ನೇ ಉಗುಳುತ್ತಿತ್ತು.

ಆಗ ಅವನು ಕಂಡುಕೊಂಡ ದಾರಿ ಬಣ್ಣ. ಶಿಬಿರದ ಡಾಕ್ಟರು ಗೀಚಿ ಕಳುಹಿಸುತ್ತಿದ್ದ ಚೀಟಿಗಳನ್ನು ಓದಿ, ಒಂದೇ ಕಣ್ಣಿನವರ ಸಾಲಿಗೆ ಹಸಿರು ಹಚ್ಚುತ್ತಿದ್ದ. ವಾರದ ಕೊನೆಗೆ ಹಸಿರು ಸಾಲುಗಳನ್ನೆಲ್ಲ ಎತ್ತಿ ಮೇಲೆ ಇಟ್ಟು, ಅವನ್ನು ಮೊದಲು ಡೇಟಾಬೇಸಿಗೆ ತಳ್ಳುತ್ತಿದ್ದ. ಅವರಿಗೆ ಮೊದಲು ಕರೆ ಹೋಗುತ್ತಿತ್ತು. ಹಸಿರಿನ ಅರ್ಥ ಅವನೊಬ್ಬನಿಗೇ ಗೊತ್ತು. ಯಾರಿಗೂ ಹೇಳಲಿಲ್ಲ. ಹೇಳಿದರೆ ನಾಳೆ ದೊಡ್ಡವರ ಮಾವನಿಗೂ ಹಸಿರು ಹಚ್ಚು ಎನ್ನುತ್ತಾರೆ ಎಂಬುದು ಅವನ ವಾದ. ವಾದದಲ್ಲಿ ಹುರುಳಿತ್ತು. ಗುಟ್ಟು ಕೈಯಲ್ಲಿದ್ದರೆ ಕುರ್ಚಿಯೂ ಗಟ್ಟಿ ಎಂಬ ಇನ್ನೊಂದು ಸತ್ಯವನ್ನು ಅವನು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಅಷ್ಟೆ.

ದೊಡ್ಡವರ ಮಾವನಿಗೆ ಹಸಿರು ಹಚ್ಚದೆ ಕಾಪಾಡಿದವನು ತನ್ನ ಅಕ್ಕನಿಗೆ ಹಚ್ಚಿದ.

ಅಕ್ಕ ಅವನನ್ನು ಸಾಕಿದವಳು. ತಾಯಿ ಹೋದ ಮೇಲೆ ಅವನ ಮೂಗು ಒರೆಸಿದ್ದು, ಶಾಲೆಗೆ ದಬ್ಬಿದ್ದು, ಹಗ್ಗ ಕಂಡರೂ ಮೊದಲು ಹಾವೆಂದೇ ತಿಳಿ, ಹಗ್ಗವಾದರೆ ನಷ್ಟವೇನಿಲ್ಲ ಎಂದು ಕಲಿಸಿದ್ದು ಅವಳೇ. ಮದುವೆಯಾಗಲಿಲ್ಲ. ದರ್ಜಿ ಅಂಗಡಿಯೊಂದಕ್ಕೆ ಮನೆಯಲ್ಲೇ ಕೂತು ಕೈಯಿಂದ ಅಂಗಿಗಳ ಗುಂಡಿಮನೆ, ಅಂದರೆ ಕಾಜಾ, ಹೊಲಿದುಕೊಡುತ್ತಿದ್ದಳು. ಅವಳು ಹೊಲಿದ ಗುಂಡಿಮನೆ ಅಂಗಿ ಹರಿದರೂ ಹರಿಯುತ್ತಿರಲಿಲ್ಲ. ಈಗ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಹಾಗೆಂದು ಕಣ್ಣು ಹೋಗಿರಲಿಲ್ಲ, ಎರಡರಲ್ಲೂ ಅಷ್ಟಿಷ್ಟು ಕಾಣುತ್ತಿತ್ತು. ನ್ಯಾಯವಾಗಿ ಅವಳ ಸರದಿ ಬಹಳ ಹಿಂದೆ. ಒಂದು ಮಧ್ಯಾಹ್ನ ದರ್ಜಿ ಒಂದು ಕಟ್ಟು ಅಂಗಿಯನ್ನು ವಾಪಸು ಕಳುಹಿಸಿದ, ಗುಂಡಿಮನೆಗಳೆಲ್ಲ ಸೊಟ್ಟ. ಅಕ್ಕ ಎಲ್ಲವನ್ನೂ ಬಿಚ್ಚತೊಡಗಿದಳೆಂದು ಪಕ್ಕದ ಮನೆಯಾಕೆ ಫೋನಿನಲ್ಲಿ ಹೇಳಿದಳು. ಫೋನಿಟ್ಟವನೇ ಸಂಶಯಣ್ಣ ಅಕ್ಕನ ಸಾಲನ್ನು ಹುಡುಕಿ ಹಸಿರು ಮಾಡಿದ. ನಾಳೆ ತೆಗೆದರಾಯಿತು ಎಂದುಕೊಂಡ. ನಾಳೆಯೂ ನಾಳೆ ಎಂದೇ ಅಂದುಕೊಂಡ. ಬರುವ ವಾರ ನಿನಗೆ ಕರೆ ಬರುತ್ತದೆ ಎಂದು ಅಕ್ಕನಿಗೂ ಹೇಳಿಬಿಟ್ಟ.

ಈ ಹೊತ್ತಿಗೇ ಎಂಜಿನಿಯರಮ್ಮ ಬಂದಳು.

ಶೀಟುಗಳನ್ನು ತಾನೇ ಶುಚಿಮಾಡಿ ತಾನೇ ಡೇಟಾಬೇಸಿಗೆ ಸೇರಿಸುವ ಪ್ರೋಗ್ರಾಂ ಬರೆಯಲು ಆಸ್ಪತ್ರೆ ಅವಳನ್ನು ಕರೆಸಿತ್ತು. ಸಣ್ಣ ಮೈಕಟ್ಟು, ದೊಡ್ಡ ಚೀಲ, ಸಿಕ್ಕವರಿಗೆಲ್ಲ ಥ್ಯಾಂಕ್ಸ್ ಹೇಳುವ ಚಾಳಿ. ಆ ಥ್ಯಾಂಕ್ಸುಗಳೇ ಸಂಶಯಣ್ಣನಿಗೆ ಮುಳ್ಳು. ಸುಮ್ಮಸುಮ್ಮನೆ ಯಾರು ಇಷ್ಟು ಕೃತಜ್ಞರಾಗಿರುತ್ತಾರೆ? ಅವಳು ಆಡಳಿತಾಧಿಕಾರಿಯ ತಂಗಿಯ ಮಗಳಿರಬೇಕು ಎಂದು ಮೊದಲು ಅಂದುಕೊಂಡ. ಅಲ್ಲವೆಂದು ತಿಳಿದಾಗ ಅನುಮಾನ ಇನ್ನೂ ಬಲವಾಯಿತು: ಬಂಧುವೂ ಅಲ್ಲ ಎಂದರೆ ಮತ್ತೆ ಯಾಕೆ ತಂದರು? ತನ್ನ ಮಾನಿಟರನ್ನು ಗೋಡೆಗೆ ಮುಖ ಮಾಡಿ ತಿರುಗಿಸಿದ. ಅವಳ ಚೀಲದಲ್ಲಿ ಕ್ಯಾಮೆರಾ ಇದೆಯೆಂದು ನರ್ಸಮ್ಮನ ಕಿವಿಯಲ್ಲಿ ಹೇಳಿದ. ಅದರಲ್ಲಿ ಎರಡು ಮೊಸರು ಡಬ್ಬಿ ಇದೆ, ಒಂದು ನನಗೇ ಕೊಟ್ಟಳು ಎಂದಳು ನರ್ಸಮ್ಮ.

ಮೊದಲ ದಿನವೇ ಅವಳು ಅವನ ಪಕ್ಕ ಕುರ್ಚಿ ಎಳೆದುಕೊಂಡು ಕೂತು, ಒಂದೊಂದು ಕಾಲಂ ತೋರಿಸಿ ಪ್ರಶ್ನೆ ಕೇಳಿದಳು. ಸೊನ್ನೆ ಎಲ್ಲಿ ಹೋಗುತ್ತದೆ, ತಾರೀಖು ಯಾಕೆ ಹಾಗಿದೆ, ಒಂದೇ ಹೆಸರು ಎರಡು ಸಲ ಬಂದರೆ ಯಾವುದನ್ನು ಇಟ್ಟುಕೊಳ್ಳುತ್ತೀರಿ. ಅವನು ಪೊಲೀಸ್ ಠಾಣೆಯಲ್ಲಿ ಕೂತವನ ಹಾಗೆ ಒಂದೊಂದೇ ಪದ ಉದುರಿಸಿದ. ಕೊನೆಗೆ ಅವಳ ಬೆರಳು ಪರದೆಯ ಮೇಲೆ ನಿಂತಿತು.

"ಸರ್, ಈ ಸಾಲುಗಳು ಯಾಕೆ ಹಸಿರು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವಳ ಬೆರಳು ಇದ್ದದ್ದು ಯಾರೋ ಅಜ್ಜಿಯ ಹೆಸರಿನ ಮೇಲೆ. ಸಂಶಯಣ್ಣನಿಗೆ ಕಂಡದ್ದು ಅದರ ಕೆಳಗಿನ ಅಕ್ಕನ ಹೆಸರು.

"ಅಲಂಕಾರಕ್ಕಮ್ಮ," ಎಂದ. "ಬಿಳೀದು ನೋಡಿ ನೋಡಿ ಕಣ್ಣು ನೋಯುತ್ತೆ."

ಅವಳು ನಕ್ಕು, ಥ್ಯಾಂಕ್ಸ್ ಹೇಳಿ, ಏನೋ ಬರೆದುಕೊಂಡಳು.

ಪ್ರೋಗ್ರಾಮಿನ ಮೊದಲ ಪ್ರಯೋಗವನ್ನು ಆಡಳಿತಾಧಿಕಾರಿ ಸಭಾಂಗಣದ ದೊಡ್ಡ ಪರದೆಯ ಮೇಲೆ ಇಡಿಸಿದರು. ಗುಂಡಿ ಒತ್ತಿದ್ದೇ ತಡ, ಕೊಳಕು ಶೀಟುಗಳು ಕಣ್ಣೆದುರೇ ಇಸ್ತ್ರಿ ಹಾಕಿಸಿಕೊಂಡು ನಿಂತವು. ಸಂಶಯಣ್ಣನಿಗೆ ಒಂದು ವಾರ ಹಿಡಿಯುವ ಕೆಲಸ ಅದಕ್ಕೆ ಒಂದು ಆಕಳಿಕೆಯಷ್ಟು. ಆದರೆ ಪಟ್ಟಿಯ ನಡುವೆ ಒಬ್ಬ ವಿಚಿತ್ರ ರೋಗಿ ಕಾಣಿಸಿಕೊಂಡ. ಹೆಸರು: ಒಟ್ಟು. ವಯಸ್ಸು: ಮುನ್ನೂರ ಹನ್ನೆರಡು. ಯಾವುದೋ ಶಿಬಿರದವರು ಶೀಟಿನ ಬುಡದಲ್ಲಿ ಹಾಕಿದ್ದ ಮೊತ್ತವನ್ನೇ ಪ್ರೋಗ್ರಾಂ ಮನುಷ್ಯನೆಂದು ಬಗೆದು ಆಪರೇಷನ್ನಿಗೆ ದಿನ ಕೊಟ್ಟಿತ್ತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ ಎಂದು ಸಂಶಯಣ್ಣ ಒಳಗೊಳಗೇ ಕುಣಿದ. ಅವಳು ಮುಖ ಕೆಡಿಸಿಕೊಳ್ಳುತ್ತಾಳೆಂದು ಕಾದ. ಅವಳು ಎಲ್ಲರಿಗಿಂತ ಜೋರಾಗಿ ನಕ್ಕು, ಪಾಪ ಒಟ್ಟು ಅವರ ಎರಡು ಕಣ್ಣಿಗೂ ಮಾಡಿಸೋಣ ಎಂದು, ನಿಂತಲ್ಲೇ ಸರಿಪಡಿಸಿದಳು. ತನ್ನ ತಪ್ಪಿಗೆ ತಾನೇ ನಗುವವರನ್ನು ಅವನು ಎಂದೂ ನಂಬಿದವನಲ್ಲ. ಆ ಸಂಜೆ ಮೂರನೇ ಬೀಗದ ಯೋಚನೆ ಬಂತು.

ಮುಂದಿನ ವಾರದ ಶೀಟುಗಳು ಅವನ ಕೈ ಮುಟ್ಟದೆ ನೇರ ಡೇಟಾಬೇಸಿಗೆ ಹೋದವು. ಫೋನುಗಳಿಗೆ ಸಂದೇಶಗಳು ತಾವಾಗಿ ಹೊರಟವು. ಬರುವ ಸೋಮವಾರ ಹಳೆಯ ಪಟ್ಟಿಯೂ ಪೂರ್ತಿ ಪ್ರೋಗ್ರಾಮಿನ ಪ್ರಕಾರವೇ ಜೋಡಣೆಯಾಗುತ್ತದೆ, ಆಮೇಲೆ ಯಾರೂ ಕೈಯಾಡಿಸುವಂತಿಲ್ಲ ಎಂದು ಆಡಳಿತಾಧಿಕಾರಿ ಸುತ್ತೋಲೆ ಹೊರಡಿಸಿದರು.

ಆ ಹೊಸ ಶೀಟಿನಲ್ಲಿದ್ದ ಬೀಗದಜ್ಜ ಕಿಟಕಿಗೆ ಬಂದದ್ದು ಆಗ. ಲೋಹದ ಚೂರು ಸಿಡಿದು ಅವನ ಒಂದು ಕಣ್ಣು ಎಂದೋ ಹೋಗಿತ್ತು. ಇನ್ನೊಂದಕ್ಕೆ ದಪ್ಪನೆಯ ಪೊರೆ. ಬೀಗಗಳನ್ನು ಈಗ ಬೆರಳಿನಿಂದಲೇ ನೋಡುತ್ತಿದ್ದ. ಕಿಟಕಿಯ ಸರಳನ್ನು ತಡವಿ ಹಿಡಿದು ತನ್ನ ಫೋನನ್ನು ಒಳಗೆ ಚಾಚಿದ.

"ಬರೋ ವಾರ ಅಂದಿದ್ರಿ. ಪಕ್ಕದ ಅಂಗಡಿಯವನು ಓದಿ ಹೇಳಿದ, ಚಳಿಗಾಲಕ್ಕಂತೆ. ಅಷ್ಟರಲ್ಲಿ ಇದೂ ಹೋದ್ರೆ ಚಳಿಗಾಲನ ಕೈಯಲ್ಲಿ ಮುಟ್ಟಿ ನೋಡ್ಬೇಕು ನಾನು."

ಸಂಶಯಣ್ಣನ ರಕ್ತ ಕುದಿಯಿತು. ತಾನು ಎಣಿಸಿದ್ದೇ ನಡೆದಿದೆ: ಯಾರೋ ಯಾರನ್ನೋ ಮೇಲೆ ಹಾಕಿಸಿದ್ದಾರೆ, ಪಾಪದ ಮುದುಕನನ್ನು ಕೆಳಗೆ ದಬ್ಬಿದ್ದಾರೆ. ಸೀದಾ ಎಂಜಿನಿಯರಮ್ಮನ ಕೋಣೆಗೆ ನುಗ್ಗಿ, ಇವನನ್ನು ಕೆಳಗೆ ಹಾಕಲು ಹೇಳಿದವರು ಯಾರು ಎಂದು ಕೇಳಿದ. ಯಾರ ಹೆಸರು ಬಂದರೂ ಅದನ್ನು ಆಸ್ಪತ್ರೆಯ ತುಂಬ ಸಾರುವ ಸಿದ್ಧತೆಯಲ್ಲೇ ಬಂದಿದ್ದ.

ಅವಳು ಗಾಬರಿಯಾಗಿ ಅವನನ್ನೂ ಗೋಡೆಯನ್ನೂ ನೋಡಿದಳು. ಪ್ರೋಗ್ರಾಮಿನ ನಿಯಮಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಪ್ರತಿಯೊಂದರ ಮುಂದೆ ಅದನ್ನು ತಿಳಿಸಿದವರು ಯಾರೆಂದು ನಮೂದಿಸಿ, ಗೋಡೆಗೆ ಅಂಟಿಸಿದ್ದಳು. ಖಾಲಿ ಜಾಗ ತೆಗೆಯುವುದು. ಸೊನ್ನೆ ಸೇರಿಸುವುದು. 'ಒಟ್ಟು' ಎಂಬ ಸಾಲು ಬಿಡುವುದು. ಅದರ ಕೆಳಗೆ: ಬಣ್ಣಗಳು ಅಲಂಕಾರಕ್ಕೆ, ಅಳಿಸುವುದು, ಸರದಿ ನೋಂದಣಿ ದಿನಾಂಕದಂತೆ. ತಿಳಿಸಿದವರು: ಪಟ್ಟಿ ಗುಮಾಸ್ತರು.

ಅವನು ಆ ಸಾಲನ್ನು ಓದಿದ. ಮತ್ತೊಮ್ಮೆ ಓದಿದ.

"ಯಾಕೆ ಸರ್, ತಪ್ಪಿದೆಯಾ?" ಎಂದಳು ಅವಳು.

ಏನಿಲ್ಲ ಎಂದು ಹೊರಗೆ ಬಂದ. ಬೀಗದಜ್ಜನಿಗೆ, ನೋಡುತ್ತೇನೆ, ಸೋಮವಾರದೊಳಗೆ ಹೇಳುತ್ತೇನೆ ಎಂದ. ಅಜ್ಜ ಅವನ ದನಿಯ ಕಡೆಗೆ ಮುಖ ಮಾಡಿ ತಲೆಯಾಡಿಸಿದ, ಆದರೆ ಮುಖ ಒಂದು ಗೇಣು ಅತ್ತ ತಪ್ಪಿತ್ತು. ಅವನು ನೋಡಿದ್ದು ಕಿಟಕಿಯ ಚೌಕಟ್ಟನ್ನು.

ತಾನು ಕಳ್ಳ, ಪರರ ನಂಬ ಎಂಬ ಗಾದೆ ಇದೆ. ಸಂಶಯಣ್ಣ ಕಳ್ಳನಲ್ಲ. ಆದರೆ ಜೀವಮಾನವೆಲ್ಲ ಊರವರ ಜೇಬಿಗೆ ಬ್ಯಾಟರಿ ಬಿಟ್ಟು ನೋಡಿದವನು ತನ್ನ ಜೇಬಿಗೆ ಎಂದೂ ಬಿಟ್ಟಿರಲಿಲ್ಲ. ಈಗ ಲೆಕ್ಕ ಸರಳವಾಗಿತ್ತು. ಹಸಿರಿನ ಅರ್ಥ ಹೇಳಿದರೆ ಅವಳು ಅದನ್ನು ನಿಯಮ ಮಾಡುತ್ತಾಳೆ, ಬೀಗದಜ್ಜನೂ ಅವನಂಥ ಉಳಿದವರೂ ಮೇಲೆ ಬರುತ್ತಾರೆ. ಆದರೆ ಅವಳು ಪ್ರತಿಯೊಂದಕ್ಕೂ ಕಾರಣ ಬರೆಸುವವಳು. ಒಂದೊಂದು ಹಸಿರು ಸಾಲಿಗೂ ಕಾರಣ ಕೇಳುತ್ತಾಳೆ. ಎಲ್ಲದಕ್ಕೂ ಕಾರಣವಿದೆ, ಒಂದಕ್ಕೆ ಬಿಟ್ಟು. ಹೇಳದಿದ್ದರೆ ಸೋಮವಾರ ಎಲ್ಲ ಬಿಳಿಯಾಗುತ್ತದೆ, ಅಕ್ಕನ ಹಸಿರನ್ನು ಯಾರೂ ಕೇಳುವುದಿಲ್ಲ. ಅಜ್ಜ ಚಳಿಗಾಲಕ್ಕೆ ಕಾಯುತ್ತಾನೆ.

ಮೂರನೆಯ ದಾರಿಯೊಂದು ಮನೆಗೆ ಹೋಗುವಾಗ ಬಸ್ಸಿನಲ್ಲಿ ಹೊಳೆಯಿತು. ಅಕ್ಕನ ಹೆಸರಿನ ಮುಂದೆಯೂ ಒಂದು ಕಣ್ಣು ಹೋಗಿದೆ ಎಂದು ಬರೆಸಿಬಿಡುವುದು. ಆಪರೇಷನ್ ಮಾಡುವ ಡಾಕ್ಟರು ಕಣ್ಣು ನೋಡುತ್ತಾರೆಯೇ ಹೊರತು ಸರದಿ ನೋಡುವುದಿಲ್ಲ. ಯಾರಿಗೂ ಗೊತ್ತಾಗುವುದಿಲ್ಲ. ಈ ಯೋಚನೆ ಅಷ್ಟು ನುಣ್ಣಗೆ ಬಂತೆಂದರೆ ಅವನಿಗೆ ತನ್ನ ಮೇಲೆಯೇ ಅನುಮಾನ ಬಂತು. ಬಹುಶಃ ಮೊದಲ ಸಲ.

ಮನೆಯಲ್ಲಿ ಅಕ್ಕ ಕಿಟಕಿಯ ಬೆಳಕಿಗೆ ಬೆನ್ನು ಮಾಡಿ ಕೂತು, ಬಟ್ಟೆಯನ್ನು ಮೂಗಿನ ಹತ್ತಿರ ಹಿಡಿದಿದ್ದಳು. ದಾರವನ್ನು ಸೂಜಿಗೆ ಪೋಣಿಸಲು ಹೋಗಿ ತಪ್ಪುತ್ತಿತ್ತು. ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ ಮತ್ತೆ ಹೋದಳು, ಮತ್ತೆ ತಪ್ಪಿತು.

"ದರ್ಜಿ ಗುಂಡಿಮನೆ ಮಾಡೋ ಮೆಷಿನ್ ತರಿಸ್ತಾನಂತೆ," ಎಂದಳು ತಲೆಯೆತ್ತದೆ. "ನಾನು ಹೇಳಿದ್ದೀನಿ, ಸ್ವಲ್ಪ ತಡಿ, ಬರೋ ವಾರ ನನ್ನ ಕಣ್ಣಿಂದು ಆಗುತ್ತೆ, ನಮ್ಮ ಹುಡುಗ ಅಲ್ಲೇ ಇದ್ದಾನೆ ಅಂತ."

ಸಂಶಯಣ್ಣ ಅವಳ ಕೈಯಿಂದ ಸೂಜಿ ತೆಗೆದುಕೊಂಡು ದಾರ ಪೋಣಿಸಿ ಕೊಟ್ಟ.

ಬೆಳಗ್ಗೆ ಹೋದವನು ತನ್ನ ಮಾನಿಟರನ್ನು ಗೋಡೆಯ ಕಡೆಯಿಂದ ತಿರುಗಿಸಿ, ಎಂಜಿನಿಯರಮ್ಮನನ್ನು ಕರೆದ. ಹಸಿರು ಅಲಂಕಾರಕ್ಕಲ್ಲ ಎಂದು ಶುರುಮಾಡಿ, ಚೀಟಿಗಳ ಕಟ್ಟನ್ನು ಮೇಜಿನ ಮೇಲಿಟ್ಟ. ಅವಳು ಕೇಳುತ್ತ ಕೇಳುತ್ತ ಬಿಳಚಿದಳು. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಬೈಯುತ್ತಾಳೆಂದು ಕಾದ. ಇಷ್ಟು ದಿನ ನಮೂನೆಯಲ್ಲಿ ಯಾಕೆ ಕಾಲಂ ಇರಲಿಲ್ಲ ಎಂದು ಅವಳು ಬೈದದ್ದು ಆಡಳಿತಾಧಿಕಾರಿ ಕೂರುವ ಮಹಡಿಯ ಕಡೆ ನೋಡಿ. ಆಮೇಲೆ 'ಇನ್ನೊಂದು ಕಣ್ಣು' ಎಂಬ ಹೊಸ ಕಾಲಂ ತೆರೆದಳು. ಡೇಟಾಬೇಸು ಅದನ್ನು ಉಗುಳದಂತೆ ಒಳಗೆ ಏನೋ ಬದಲಿಸಿದಳು. ಇದನ್ನು ಮಾಡಲು ಅವಳಿಗೆ ಒಂದು ಲೋಟ ಚಹಾ ಆರುವಷ್ಟೂ ಹೊತ್ತು ಬೇಕಾಗಲಿಲ್ಲ. ವರ್ಷಗಟ್ಟಲೆ ಜನರ ಕಣ್ಣನ್ನು ಒತ್ತೆ ಇಟ್ಟದ್ದು ಇಷ್ಟು ಸಣ್ಣ ಕೆಲಸಕ್ಕಾಗಿ.

ಇಬ್ಬರೂ ಹೊಸ ಶೀಟಿನ ಚೀಟಿಯವರನ್ನೂ ಹಳೆಯ ಹಸಿರು ಸಾಲುಗಳನ್ನೂ ಒಂದೊಂದಾಗಿ ನೋಡುತ್ತ ಬಂದರು. ಅವಳು ಹೆಸರು ಓದುತ್ತಿದ್ದಳು, ಅವನು ಚೀಟಿ ನೋಡಿ ಹೇಳುತ್ತಿದ್ದ. ಬೀಗದಜ್ಜ: ಹೋಗಿದೆ. ಕಿಟಕಿ ಗಾಜು ಕೂರಿಸುವವನು: ಹೋಗಿದೆ. ಯಾರೋ ಅಜ್ಜಿ: ಹುಟ್ಟಿನಿಂದಲೇ ಇಲ್ಲ. ಆಮೇಲೆ ಅವಳು ಒಂದು ಹೆಸರು ಓದಿ ನಿಂತಳು. ಚೀಟಿ ಬರಲಿಲ್ಲ.

"ಇವರದು?"

ಕಿಟಕಿಯ ಹೊರಗೆ ಯಾರೋ ನಂಬರ್ ಕೂಗುತ್ತಿದ್ದರು. ಸಂಶಯಣ್ಣ ಖಾಲಿ ಕೈಯನ್ನು ಮೇಜಿನ ಮೇಲಿಟ್ಟ.

"ಎರಡೂ ಇದೆ," ಎಂದ.

"ಮತ್ತೆ ಈ ಹಸಿರು?"

"ಅದು ಅಲಂಕಾರಕ್ಕೆ."

ಅವಳ ಕಣ್ಣು ಹೆಸರಿನಿಂದ ವಿಳಾಸಕ್ಕೆ ಹೋಯಿತು. ಅದೇ ವಿಳಾಸ ಅವನ ಕೊರಳಲ್ಲಿ ನೇತಾಡುವ ಗುರುತಿನ ಚೀಟಿಯ ಮೇಲೂ ಇತ್ತು. ಬಣ್ಣ ಅಳಿಸಿ ಮುಂದಿನ ಹೆಸರು ಓದಿದಳು. ಈ ಸಲ ಥ್ಯಾಂಕ್ಸ್ ಹೇಳಲಿಲ್ಲ. ಅದಕ್ಕೇ ಅವನು ಅವಳನ್ನು ಮೊದಲ ಬಾರಿಗೆ ನಂಬಿದ.

ಸೋಮವಾರ ಆಡಳಿತಾಧಿಕಾರಿ ಸಭೆ ಕರೆದು, ತಮ್ಮ ದೂರದೃಷ್ಟಿಯಿಂದ ನಮೂನೆಯಲ್ಲಿ ಹೊಸ ಕಾಲಂ ಬಂದಿದೆ ಎಂದು ಘೋಷಿಸಿ ಫೋಟೋ ತೆಗೆಸಿಕೊಂಡರು. ದೂರದೃಷ್ಟಿ ಇರುವವರಿಗೆ ಹತ್ತಿರದ್ದು ಕಾಣದು ಎಂಬುದು ಕಣ್ಣಾಸ್ಪತ್ರೆಯವರಿಗೆ ಗೊತ್ತಿಲ್ಲದ ವಿಷಯವೇನಲ್ಲ. ಪ್ರಾಯೋಜಕರ ಕಾಲಂ, ಉದ್ಘಾಟಕರ ಕಾಲಂ ಎರಡೂ ಇಂದಿಗೂ ಅಲ್ಲೇ ಇವೆ.

ಅಂದು ಸಂಜೆ, ಬರುವ ವಾರ ಕರೆ ಬರುವುದಿಲ್ಲವೆಂದು ಅಕ್ಕನಿಗೆ ಹೇಳಿದ. ಅಕ್ಕ ಹೊಲಿಗೆ ಕೆಳಗಿಟ್ಟಳು. ಅವನಿಗೆ ಅನುಮಾನ ಕಲಿಸಿದವಳಲ್ಲವೇ.

"ಯಾರ ಹತ್ರ ಏನು ಇಸ್ಕೊಂಡೆ? ನನ್ನ ಮುಂದೆ ಯಾರನ್ನ ತೂರಿಸಿದೆ, ಹೇಳು."

"ಯಾರನ್ನೂ ತೂರಿಸಿಲ್ಲ ಅಕ್ಕ. ತೂರಿಸಿದ್ದನ್ನ ತೆಗೆದೆ."

ನನ್ನನ್ನು ತೂರಿಸಿದ್ದು ಯಾವಾಗ ಎಂದು ಕೇಳಿದಳು. ಅಂಗಿಗಳು ವಾಪಸು ಬಂದ ದಿನ ಎಂದ. ನನ್ನನ್ನು ಒಂದು ಮಾತು ಕೇಳಿದ್ದೆಯಾ ಎಂದಳು. ಇಲ್ಲ ಎಂದ. ತೆಗೆಯುವಾಗಲಾದರೂ ಕೇಳಿದ್ದೆಯಾ ಎಂದಳು. ಅದಕ್ಕೂ ಇಲ್ಲ ಎಂದ. ಅವಳು ಸೂಜಿಯನ್ನು ಬಟ್ಟೆಯ ಉಂಡೆಗೆ ಚುಚ್ಚಿಟ್ಟು ಒಳಗೆ ಹೋದಳು. ದರ್ಜಿ ಕಾಯಲಿಲ್ಲ, ಮೆಷಿನ್ ತಂದ. ಮೆಷಿನ್ನಿಗೆ ಒಗ್ಗದ ದಪ್ಪ ಕೋಟುಗಳು ಮಾತ್ರ ಈಗ ಅಕ್ಕನ ಪಾಲಿಗೆ ಬರುತ್ತವೆ.

ಆಪರೇಷನ್ ಆಗಿ ಬೀಗದಜ್ಜನ ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ಅವನು ಸೀದಾ ಸಂಶಯಣ್ಣನ ಕೋಣೆಗೆ ಬಂದ. ಕೋಣೆಯನ್ನೆಲ್ಲ ನೋಡಿದ, ಮೇಜು ನೋಡಿದ, ಬಗ್ಗಿ ಡ್ರಾಯರು ನೋಡಿದ. ಈ ಎರಡನೇದು ನಾನು ಹಾಕಿದ್ದಲ್ಲವಲ್ಲ ಎಂದ. ಸಂಶಯಣ್ಣ ಗೋಡೆ ನೋಡಿದ. ಅಜ್ಜ ಜೇಬಿನಿಂದ ಒಂದು ತಂತಿ ತೆಗೆದು, ಆ ಬೇರೆ ಬೀದಿಯ ಬೀಗವನ್ನು ಕೆಮ್ಮುವಷ್ಟರಲ್ಲಿ ಬಿಚ್ಚಿ ಮೇಜಿನ ಮೇಲಿಟ್ಟು ಹೋದ.

ಅಕ್ಕನ ಸರದಿ ಇನ್ನೂ ಬಂದಿಲ್ಲ. ಪ್ರತಿದಿನ ಕೆಲಸಕ್ಕೆ ಹೊರಡುವ ಮುನ್ನ ಸಂಶಯಣ್ಣ ಅವಳ ಸೂಜಿಗಳಿಗೆಲ್ಲ ದಾರ ಪೋಣಿಸಿ, ಬಟ್ಟೆಯ ಉಂಡೆಗೆ ಸಾಲಾಗಿ ಚುಚ್ಚಿಡುತ್ತಾನೆ. ಅವನು ಚಪ್ಪಲಿ ಹಾಕಿಕೊಳ್ಳುವ ತನಕ ಅಕ್ಕ ಕಾಯುತ್ತಾಳೆ. ಆಮೇಲೆ ಒಂದೊಂದೇ ದಾರವನ್ನು ಎಳೆದು, ಸರಿಯಾಗಿ ಪೋಣಿಸಿದ್ದಾನೋ ಇಲ್ಲವೋ ಎಂದು ಪರೀಕ್ಷಿಸುತ್ತಾಳೆ.